ಯಾರೂ ಬಳಸದ ಕೋಣೆ

ಮಾರುಕಟ್ಟೆಯ ಹಿಂಬದಿಯಲ್ಲಿ, ಮೀನಿನ ಸಾಲು ಮುಗಿದು ಕಸದ ತೊಟ್ಟಿ ಶುರುವಾಗುವ ಕಡೆ, ಒಂದು ಕೋಣೆ ಇತ್ತು. ಅದಕ್ಕೆ ಕಿಟಕಿಯಿರಲಿಲ್ಲ. ನಲ್ಲಿಯಿರಲಿಲ್ಲ. ಹಿಂದೆ ಯಾವ ಕಾಲದಲ್ಲೋ ತಕ್ಕಡಿ, ತೂಕದ ಕಲ್ಲುಗಳನ್ನು ಇಡಲೆಂದು ಕಟ್ಟಿಸಿದ್ದಂತೆ. ಕಲ್ಲುಗಳು ಹೋದವು, ಕೋಣೆ ಉಳಿಯಿತು. ಮಾರುಕಟ್ಟೆ ಗುಡಿಸುವ ಹೆಂಗಸರು ಅದರೊಳಗೆ ಹೊಕ್ಕರು. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ.

ಹೊರಗಿನವರ ಕಣ್ಣಿಗೆ ಅದು ಪೊರಕೆ ಇಡುವ ಗೂಡು. ಒಳಗಿನವರಿಗೆ ಅದೇ ಎಲ್ಲ. ಬೆಳಗ್ಗೆ ಬಂದು ಮನೆಯ ಬಟ್ಟೆ ಬಿಚ್ಚಿ ಮೊಳೆಗೆ ಸಿಕ್ಕಿಸಿ, ನಗರಸಭೆಯ ಕೋಟು ತೊಡುವುದು ಅಲ್ಲಿ. ಮುಟ್ಟಾದ ದಿನ ಬಟ್ಟೆ ಬದಲಿಸುವುದು ಅಲ್ಲಿ. ಮೂಲೆಯ ಬಕೆಟ್ಟಿನಲ್ಲಿ ಉಚ್ಚೆ ಹೊಯ್ದು, ಯಾರೂ ನೋಡದಾಗ ಮೋರಿಗೆ ಚೆಲ್ಲಿ ಬರುವುದು ಅಲ್ಲಿಂದಲೇ. ಮಾಂಸದಂಗಡಿಗಳ ರಕ್ತದ ನೀರು ಹಿಮ್ಮಡಿಯ ಬಿರುಕುಗಳಿಗೆ ಇಳಿದಿರುತ್ತದೆ. ಅದನ್ನು ಉಜ್ಜಿ ತೊಳೆದು, ತಲೆ ಬಾಚಿ, ತಮ್ಮ ಬಟ್ಟೆ ತೊಟ್ಟು ಹೊರಬಂದರೆ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚುವುದಿಲ್ಲ. ಮುಚ್ಚಿದರೂ ಸ್ವಲ್ಪ ಕಡಿಮೆ ಮುಚ್ಚುತ್ತಾರೆ.

ಇಡೀ ಮಾರುಕಟ್ಟೆ ಗುಡಿಸುವವರಿಗೆ ಇಡೀ ಮಾರುಕಟ್ಟೆಯಲ್ಲಿ ಕೂರಲು ಬೇರೆ ಜಾಗ ಇರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತರೆ ಗಿರಾಕಿ ಬರುವುದಿಲ್ಲ, ಏಳು ಅನ್ನುತ್ತಾರೆ. ಚಹಾ ಅಂಗಡಿಯ ಬೆಂಚಿನಲ್ಲಿ ಕೂತರೆ ಏಳು ಅನ್ನುವುದೂ ಇಲ್ಲ, ಚಹಾ ಕೊಡುವುದನ್ನೇ ಮರೆಯುತ್ತಾರೆ.

ಆ ಹೆಂಗಸರಲ್ಲಿ ಎಲ್ಲರಿಗಿಂತ ಚಿಕ್ಕವಳು ಗುಬ್ಬಿ. ಮೈಯೂ ಸಣ್ಣ, ದನಿಯೂ ಸಣ್ಣ ಎಂದು ಕೆಮ್ಮಜ್ಜಿ ಇಟ್ಟ ಹೆಸರು. ಕೆಮ್ಮಜ್ಜಿ ಎಂದರೆ ಗುಡಿಸುವವರಲ್ಲೇ ಹಿರಿಯಳು. ಧೂಳು ಕುಡಿದು ಕುಡಿದು ಅವಳ ಮಾತಿನ ನಡುವೆ ಕೆಮ್ಮು ಬರುತ್ತಿರಲಿಲ್ಲ, ಕೆಮ್ಮಿನ ನಡುವೆ ಮಾತು ಬರುತ್ತಿತ್ತು. ಗುಬ್ಬಿ ನಾಲ್ಕು ಜನ ಸೇರಿದ ಕಡೆ ಬಾಯಿ ತೆರೆದವಳಲ್ಲ. ಸುಮ್ಮನೆ ನೋಡುತ್ತಿದ್ದಳು. ನೋಡಿದ್ದೆಲ್ಲ ಅವಳೊಳಗೇ ಉಳಿಯುತ್ತಿತ್ತು.

ಅವಳ ಕೈಯಲ್ಲಿದ್ದ ಪೊರಕೆ ಮೊದಲು ಅವಳ ಅತ್ತೆಯದು. ಅಪ್ಪನ ತಂಗಿ. ತಾಯಿ ಸತ್ತ ಮೇಲೆ ಗುಬ್ಬಿಗೂ ಅವಳ ಅಣ್ಣನಿಗೂ ಉಣ್ಣಿಸಿ ಬೆಳೆಸಿದವಳು. ಗಂಟಲು ದೊಡ್ಡದು, ಎದೆಯೂ ದೊಡ್ಡದು. ಹಿಂದೊಮ್ಮೆ ಹಮಾಲಿಯೊಬ್ಬ ಆ ಕೋಣೆಯ ಗೋಣಿ ಪರದೆ ಸರಿಸಿ ಇಣುಕಿದಾಗ, ಇದೇ ಅತ್ತೆ ಅವನ ಕಾಲರ್ ಹಿಡಿದು ನಗರಸಭೆಯವರೆಗೆ ಎಳೆದುಕೊಂಡು ಹೋಗಿದ್ದಳು. ಬಾಗಿಲು ಇಡಿಸುವವರೆಗೆ ಯಾರೂ ಗುಡಿಸುವುದಿಲ್ಲ ಎಂದಿದ್ದಳು. ಬಾಗಿಲು ಬಂತು.

ಆಮೇಲೆ ಚುನಾವಣೆ ಬಂತು. ಈ ಸಲ ಅವರ ಓಣಿಯ ವಾರ್ಡಿಗೆ ಹೆಂಗಸೇ ನಿಲ್ಲಬೇಕು ಎಂದಾಯಿತು. ಓಣಿಯವರೆಲ್ಲ ಒಂದೇ ಬಾಯಿಂದ ಅತ್ತೆಯ ಹೆಸರು ಹೇಳಿದರು. ನಗರಸಭೆಯ ಕೆಲಸದಲ್ಲಿದ್ದವರು ಚುನಾವಣೆಗೆ ನಿಲ್ಲುವಂತಿಲ್ಲ. ಅತ್ತೆ ಪೊರಕೆ ಬಿಡಬೇಕಾಯಿತು. ಬಿಟ್ಟ ಪೊರಕೆ ಬೇರೆಯವರ ಕೈ ಸೇರಬಾರದು ಎಂದು ಬದಲಿಗೆ ಗುಬ್ಬಿಯನ್ನು ನಿಲ್ಲಿಸಿದಳು.

"ಸ್ವಲ್ಪ ದಿನ ಹಿಡ್ಕೊಂಡಿರು ಕಂದ. ನಾನೊಂದು ಸಲ ಅಲ್ಲಿ ಕೂತೆ ಅಂದ್ರೆ ನಿನ್ನ ಮತ್ತೆ ಸ್ಕೂಲಿಗೆ ಕಳಿಸ್ತೀನಿ" ಎಂದಿದ್ದಳು.

ಗುಬ್ಬಿ ಪುಸ್ತಕದ ಚೀಲವನ್ನು ಗೋಡೆಗೆ ತೂಗುಹಾಕಿ ಬಂದಿದ್ದಳು. ಅದರಲ್ಲಿ ಈಗ ಈರುಳ್ಳಿ ಇತ್ತು.

ಅತ್ತೆ ಗೆದ್ದಳು. ಊರಿಗೆಲ್ಲ ಮೆಂಬ್ರಮ್ಮ ಆದಳು. ಮೊದಲ ಮೀಟಿಂಗು ಮುಗಿಸಿ ನೇರ ಆ ಕೋಣೆಗೇ ಬಂದಳು. ನೆಲದ ಮೇಲೆ ಕೂತು, ಎಲ್ಲರ ಜೊತೆ ಚಹಾ ಕುಡಿದಳು. ಮೀಟಿಂಗಿನ ಬಾಗಿಲಲ್ಲಿ ಜವಾನ ಅವಳ ಮುಖ ನೋಡಿ, ಬಕೆಟ್ಟು ಮೆಟ್ಟಿಲ ಕೆಳಗಿದೆ ಎಂದು ತೋರಿಸಿದ್ದನ್ನು ಹೇಳಿ ನಕ್ಕಳು. ಎಲ್ಲರೂ ನಕ್ಕರು. ಗುಬ್ಬಿ ಮಾತ್ರ ನಗಲಿಲ್ಲ. ನಗುತ್ತಲೇ ಅತ್ತೆ ಸೆರಗಿನಿಂದ ಎರಡು ಸಲ ಮುಖ ಒರೆಸಿಕೊಂಡದ್ದನ್ನು ಅವಳು ನೋಡಿದ್ದಳು.

ಇದಾಗಿ ಬಹಳ ದಿನ ಅತ್ತೆ ಮಾರುಕಟ್ಟೆಯ ಹಿಂಬದಿಗೆ ಬರಲಿಲ್ಲ. ಬಂದರೂ ಮುಂಬದಿಗೆ, ಜೀಪಿನಲ್ಲಿ.

ಆ ಹೊತ್ತಿಗೆ ಗುಬ್ಬಿಯ ಅತ್ತಿಗೆ ಬಾಣಂತನ ಮುಗಿಸಿ ಗುಡಿಸುವ ಕೆಲಸಕ್ಕೆ ಮರಳಿದಳು. ಮುಗಿಸಿ ಎನ್ನುವುದು ಮಾತಿಗೆ. ಇನ್ನೂ ರಜೆ ಹಾಕಿದರೆ ಹೆಸರು ತೆಗೆಯುತ್ತೇನೆ ಎಂದು ಗುಡಿಸುವವರ ಮೇಸ್ತ್ರಿ ಹೇಳಿಕಳಿಸಿದ್ದ. ಅಣ್ಣ ಕಸದ ಲಾರಿಯಲ್ಲಿ ಹೋಗುತ್ತಿದ್ದ. ಮನೆಯಲ್ಲಿ ಮಗು ನೋಡುವವರಿರಲಿಲ್ಲ. ಅತ್ತಿಗೆ ಹಸುಗೂಸನ್ನು ಎದೆಗೆ ಕಟ್ಟಿಕೊಂಡೇ ಬಂದಳು. ಕೋಣೆಯ ತೊಲೆಗೆ ಹಗ್ಗ ಬಿಗಿದು, ಹಳೆ ಬಟ್ಟೆಯ ಜೋಲಿ ಕಟ್ಟಿದಳು. ತರಕಾರಿ ಸಾಲು ಗುಡಿಸಿ ಬಂದು ಹಾಲು ಕೊಡುವುದು, ಮೀನಿನ ಸಾಲು ತೊಳೆದು ಬಂದು ಹಾಲು ಕೊಡುವುದು. ಮಗು ಅತ್ತರೆ ಕೆಮ್ಮಜ್ಜಿ ಜೋಲಿ ತೂಗಿ ಕೆಮ್ಮುತ್ತಿದ್ದಳು. ಅದೇ ಜೋಗುಳ.

"ಈ ಕೋಣೆ ಇರೋದಕ್ಕೆ ನನ್ನ ಕೆಲಸ ಉಳೀತು ಕಣೇ ಗುಬ್ಬಿ" ಎನ್ನುತ್ತಿದ್ದಳು ಅತ್ತಿಗೆ. "ಇಲ್ದಿದ್ರೆ ಮಗುನೂ ನಾನೂ ಮನೇಲಿ ಕೂತು ನಿಮ್ಮಣ್ಣನ ಮೀಸೆ ನೋಡ್ಕೊಂಡು ಹೊಟ್ಟೆ ತುಂಬಿಸ್ಕೋಬೇಕಿತ್ತು."

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆ ಬಂದಳು. ಮುಖದಲ್ಲಿ ಕಳೆಯಿತ್ತು. ಕೈಯಲ್ಲಿ ಹೊಸ ಗಡಿಯಾರವಿತ್ತು.

"ನಾಳೆ ಇಂಜಿನಿಯರ್ ಸಾಹೇಬ್ರು ಈ ಕೋಣೆ ನೋಡೋಕೆ ಬರ್ತಾರೆ. ಒಳ್ಳೇ ಕಾಲ ಬಂತು ಈ ಕೋಣೆಗೆ. ಒಂದು ಚಿಂದಿ ಕಾಣಬಾರದು. ಗೋಡೆ ತೊಳೀರಿ, ಮೊಳೆ ತೆಗೀರಿ. ಗಲೀಜು ಕಂಡ್ರೆ, ಇಂಥೋರಿಗೆ ಯಾಕೆ ಖರ್ಚು ಮಾಡೋದು ಅಂತ ಬರೆದು ಹೋಗ್ತಾನೆ."

"ನಲ್ಲಿ ಹಾಕಿಸ್ತಾರಾ?" ಎಂದಳು ಕೆಮ್ಮಜ್ಜಿ.

"ಮೊದಲು ಅವನು ನೋಡ್ಲಿ ಅಜ್ಜಿ. ಅವನು ಏನು ಕೇಳಿದ್ರೂ ನೀವ್ಯಾರೂ ಬಾಯಿ ಬಿಡಬೇಡಿ. ಮಾತಾಡೋಕೆ ನಾನಿದೀನಲ್ಲ."

ಮಾತಾಡಲು ಅವಳಿದ್ದಾಳೆ. ಅದಕ್ಕೇ ತಾನೆ ಓಟು ಹಾಕಿದ್ದು. ಹೆಂಗಸರಿಗೆ ಅಷ್ಟು ಸಾಕಾಯಿತು. ಇನ್ನೊಬ್ಬರಾಗಿದ್ದರೆ, ಕೋಣೆ ಹೇಗಿದೆಯೋ ಹಾಗೇ ಬಿಟ್ಟು, ನೋಡಪ್ಪ ನಮ್ಮ ಪಾಡು ಎಂದು ತೋರಿಸುತ್ತಿದ್ದರು. ಇವರು ಜೀವಮಾನವಿಡೀ ಗುಡಿಸಿದವರು. ದೊಡ್ಡವರು ಬರುತ್ತಾರೆ ಎಂದರೆ ಇವರಿಗೆ ಗೊತ್ತಿರುವುದು ಒಂದೇ, ಅವರು ಬರುವ ಮೊದಲು ಎಲ್ಲವನ್ನೂ ಇಲ್ಲವಾಗಿಸುವುದು.

ಮಾರುಕಟ್ಟೆ ಕೆಲಸ ಮುಗಿಸಿ, ನಡು ಬಿದ್ದುಹೋಗಿದ್ದರೂ ಶುರು ಮಾಡಿದರು. ಪೊರಕೆಗಳು ಹೊರಗೆ ಹೋದವು. ಕೋಟುಗಳು ಹೋದವು. ಬಕೆಟ್ಟು ಹೋಯಿತು. ಸೋಪಿನ ಚೂರು, ಬಾಚಣಿಗೆ, ಮೂಲೆಯಲ್ಲಿ ಮಡಿಸಿಟ್ಟ ಮುಟ್ಟಿನ ಬಟ್ಟೆ ಎಲ್ಲ ಹೋದವು. ಅತ್ತಿಗೆ ಮಗುವನ್ನು ಕೆಮ್ಮಜ್ಜಿಯ ಕೈಗಿತ್ತು ಜೋಲಿ ಬಿಚ್ಚಿದಳು. ಗೋಡೆಗೆ ಅಂಟಿದ್ದ ತಲೆಯೆಣ್ಣೆಯ ಕಲೆ ಹೋಗಲು ಸೋಡಾ ಹಾಕಿ ಉಜ್ಜಿದರು. ಬೆರಳ ತುದಿ ಬಿಳುಚಿ ಸುಲಿಯಿತು. ಗುಬ್ಬಿ ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ತೂತು ಕಾಣದಂತೆ ಸುಣ್ಣ ತುಂಬಿದಳು. ಕೊನೆಗೆ ನಿಂತು ನೋಡಿದಳು. ಆ ಕೋಣೆಯಲ್ಲಿ ಯಾವತ್ತೂ ಯಾರೂ ಇರಲಿಲ್ಲ ಎನ್ನುವಂತಿತ್ತು. ಅವಳಿಗೆ ಹೆಮ್ಮೆಯಾಯಿತು.

ಮರುದಿನ ಇಂಜಿನಿಯರ್ ಬಂದ. ಕರವಸ್ತ್ರ ಮೂಗಿಗಿಟ್ಟುಕೊಂಡೇ ಮೀನಿನ ಸಾಲು ದಾಟಿದ. ಕೋಣೆಯ ಬಾಗಿಲಲ್ಲಿ ಕರವಸ್ತ್ರ ತೆಗೆದ.

"ಪರವಾಗಿಲ್ಲ, ಚೆನ್ನಾಗಿದೆಯಲ್ಲ! ಯಾರೂ ಬಳಸ್ತಿಲ್ಲ ಅನ್ಸುತ್ತೆ?"

ಗುಬ್ಬಿ ಗೋಡೆಗೊರಗಿ ನಿಂತಿದ್ದಳು. ಅತ್ತೆ ಅವಳತ್ತ ಒಮ್ಮೆ ನೋಡಿದಳು. ಬಾಯಿ ಬಿಡಬೇಡ ಎಂಬ ನೋಟ. ಗುಬ್ಬಿ ಬಿಡಲಿಲ್ಲ.

"ನೀವೇ ನೋಡ್ತಿದೀರಲ್ಲ ಸಾರ್" ಎಂದಳು ಅತ್ತೆ.

ಇಂಜಿನಿಯರ್ ಟೇಪು ಹಿಡಿದು ಅಳೆದ. ಹೋದ.

ಕೆಲವು ದಿನ ಕಳೆದು ಬಾಗಿಲಿಗೆ ಹೊಸ ಬೀಗ ಬಿತ್ತು. ಬೆಳಗ್ಗೆ ಬಂದ ಹೆಂಗಸರು ಬೀಗ ನೋಡಿ ನಿಂತರು. ಮನೆ ಬಟ್ಟೆಯ ಮೇಲೇ ಕೋಟು ತೊಟ್ಟು ಕೆಲಸಕ್ಕಿಳಿದರು. ನಲ್ಲಿ ಹಾಕುವವರು ಸಾಮಾನು ಇಟ್ಟಿರಬೇಕು ಎಂದು ಮಾತಾಡಿಕೊಂಡರು. ಮೇಸ್ತ್ರಿ ಹಲ್ಲುಕಡ್ಡಿ ಕಚ್ಚಿಕೊಂಡು ಬಂದು ನಕ್ಕ.

"ನಲ್ಲಿಯಂತೆ ನಲ್ಲಿ! ಮೀಟಿಂಗಲ್ಲಿ ಪಾಸಾಗಿದೆ. ಯಾರೂ ಬಳಸದ ಖಾಲಿ ಕೋಣೆ, ವಾರ್ಡಿನ ಮೆಂಬರ್ ಆಫೀಸಿಗೆ ಕೊಡೋದು ಅಂತ. ನಿಮ್ಮ ಮೆಂಬ್ರಮ್ಮಂಗೇ ಬಂತಲ್ಲ, ಕುಣೀರಿ."

ಹೆಂಗಸರಿಗೆ ಮೊದಲು ಅರ್ಥವಾಗಲಿಲ್ಲ. ಒಬ್ಬಿಬ್ಬರು ನಕ್ಕರು ಕೂಡ. ನಮ್ಮವಳ ಆಫೀಸು ಎಂದರೆ ನಮ್ಮದೇ ತಾನೆ, ಬೀಗದ ಕೈ ಕೊಟ್ಟರಾಯಿತು ಎಂದರು.

ಗುಬ್ಬಿ ಮಾತ್ರ ತನ್ನ ಬೆರಳುಗಳನ್ನು ನೋಡಿಕೊಂಡಳು. ಸುಲಿದ ಚರ್ಮ ಇನ್ನೂ ಕೂಡಿರಲಿಲ್ಲ.

ಸಂಜೆ ಅತ್ತೆಯ ಮನೆಗೆ ಹೋದರು. ಗುಬ್ಬಿ, ಅತ್ತಿಗೆ, ಕೆಮ್ಮಜ್ಜಿ. ಅತ್ತಿಗೆಯ ಕಂಕುಳಲ್ಲಿ ಮಗು. ಅತ್ತೆ ಇವರನ್ನು ನೋಡಿ, ಬರುತ್ತಾರೆ ಎಂದು ಗೊತ್ತಿದ್ದವಳ ಹಾಗೆ ಟಿವಿಯ ದನಿ ತಗ್ಗಿಸಿದಳು.

"ನಿಮಗೆ ಗೊತ್ತಾಗಲ್ಲ" ಎಂದು ಅವಳೇ ಶುರು ಮಾಡಿದಳು. "ಬೇರೆ ಮೆಂಬರುಗಳಿಗೆಲ್ಲ ಆಫೀಸಿದೆ. ಬೋರ್ಡಿದೆ. ನನ್ನ ನೋಡೋಕೆ ಈ ಓಣಿಗೆ ಯಾವನು ಬರ್ತಾನೆ? ಇಂಜಿನಿಯರು ಓಣಿ ಬಾಯಲ್ಲೇ ಜೀಪ್ ನಿಲ್ಸಿ ಹಾರ್ನ್ ಹೊಡೀತಾನೆ. ನಾನು ಓಡಿ ಹೋಗಬೇಕು. ಮೆಂಬರೂ ನಾನೇ, ಓಡೋಳೂ ನಾನೇ. ಮೀಟಿಂಗಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತೆ, ಗೊತ್ತಾ? ಕೂರೋ ಜಾಗ ಅಂತ ಒಂದಿದ್ರೆ ತಾನೆ ಅವರು ನನ್ನ ಮನುಷ್ಯಳು ಅಂತ ನೋಡೋದು."

"ನಮಗೂ ಅದೊಂದೇ ಅಲ್ವಾ ಕೂರೋ ಜಾಗ ಇದ್ದಿದ್ದು" ಎಂದಳು ಅತ್ತಿಗೆ.

"ಇವಾಗ್ಲೂ ನಿಮ್ದೇ. ನಾನೇನು ಹೊರಗಿನೋಳಾ?"

"ಹಾಗಾದ್ರೆ ಬೀಗದ ಕೈ ಕೊಡಿ ಮೆಂಬ್ರಮ್ಮ. ನಾಳೆ ಮಗು ಮಲಗಿಸ್ಬೇಕು."

ಅತ್ತೆ ಗಡಿಯಾರ ಸರಿಮಾಡಿಕೊಂಡಳು. "ನಗರಸಭೆ ಅಧ್ಯಕ್ಷರು ಬರೋ ಜಾಗದಲ್ಲಿ ಜೋಲಿ ಕಟ್ಟೋಕಾಗುತ್ತಾ? ಸ್ವಲ್ಪ ಯೋಚ್ನೆ ಮಾಡು. ಪೊರಕೆ, ಕೋಟು, ಒದ್ದೆ ಬಟ್ಟೆ. ವಾಸನೆ ಇದ್ರೆ ಯಾರು ಒಳಗೆ ಬರ್ತಾರೆ?"

ಆ ಮಾತನ್ನು ಅವರು ಬಸ್ಸಿನಲ್ಲಿ ಕೇಳಿದ್ದರು. ಅಂಗಡಿಯಲ್ಲಿ ಕೇಳಿದ್ದರು. ಕೇಳಿ ಕೇಳಿ ಕಿವಿಗೆ ದಡ್ಡು ಬಿದ್ದಿತ್ತು. ಆದರೆ ಆ ಮಾತು ಈ ಬಾಯಿಂದ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

"ವಾಸನೆ ಅಂದ್ಯಾ?" ಎಂದಳು ಕೆಮ್ಮಜ್ಜಿ. ಕೆಮ್ಮು ಬಂತು. ಕೆಮ್ಮಿ ಮುಗಿಸಿ ಮತ್ತೆ ಕೇಳಿದಳು. "ನೀನು ಅಂದ್ಯಾ?"

ಗುಬ್ಬಿ ಬಾಗಿಲ ಬಳಿ ನಿಂತಿದ್ದಳು. ಹೇಗೋ ಕೇಳಿದಳು.

"ಅತ್ತೆ, ಗೋಡೆ ತೊಳೀರಿ ಅಂದಾಗ್ಲೇ ನಿಂಗೆ ಗೊತ್ತಿತ್ತಾ?"

ಅತ್ತೆ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಕೋಣೆಗೆ ಒಳ್ಳೇ ಕಾಲ ಬಂತು ಅಂದಿದ್ದೆ. ನಾನೇನು ಸುಳ್ಳು ಹೇಳಿಲ್ಲ."

ಆ ರಾತ್ರಿ ಗುಬ್ಬಿ ಅನ್ನದ ತಟ್ಟೆ ಸರಿಸಿ ಎದ್ದಳು. ಬೇರೆಯವರು ಕಸಿದುಕೊಂಡಿದ್ದರೆ ಬೈದು ಮಲಗಬಹುದಿತ್ತು. ಇಲ್ಲಿ ಬೈಯಲು ಹೋದರೆ ಉಣ್ಣಿಸಿದ ಕೈ ಎದುರು ಬರುತ್ತಿತ್ತು.

ಆಮೇಲಿನ ದಿನಗಳ ಕಷ್ಟವೆಲ್ಲ ಮೈಯ ಮೇಲೇ ಬಿತ್ತು. ಕೆಲಸ ಮುಗಿಯುವವರೆಗೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ತುಟಿ ಒಡೆಯುತ್ತಿತ್ತು, ಕೆಳಹೊಟ್ಟೆ ಉರಿಯುತ್ತಿತ್ತು. ಮುಟ್ಟಾದ ದಿನ ಗುಬ್ಬಿ ಒಂದೇ ಬಟ್ಟೆಯಲ್ಲಿ ಇಡೀ ತರಕಾರಿ ಸಾಲು ಗುಡಿಸಿದಳು. ಬಗ್ಗಿದರೆ ತೊಡೆಯ ಸಂದು ಉಜ್ಜಿ ರಕ್ತ ಜಿನುಗುತ್ತಿತ್ತು. ಯಾವುದು ಗಾಯದ್ದು, ಯಾವುದು ತಿಂಗಳದ್ದು ಎಂದು ತಿಳಿಯುತ್ತಿರಲಿಲ್ಲ.

ಅತ್ತಿಗೆಗೆ ಎಲ್ಲರಿಗಿಂತ ಕಷ್ಟ. ಮಗುವನ್ನು ಗೋಣಿಚೀಲದ ಮೇಲೆ, ಖಾಲಿ ಪೆಟ್ಟಿಗೆಗಳ ನೆರಳಲ್ಲಿ ಮಲಗಿಸುತ್ತಿದ್ದಳು. ನೊಣ ಮುತ್ತುತ್ತಿದ್ದವು. ಹಾಲು ತುಂಬಿ ಕೋಟಿನ ಮುಂದೆ ಎರಡು ಒದ್ದೆ ಕಲೆ ಮೂಡುತ್ತಿದ್ದವು. ಹಣ್ಣಿನ ಮಂಡಿಯ ಹುಡುಗರು ಅದನ್ನು ನೋಡಿ ಶಿಳ್ಳೆ ಹಾಕುತ್ತಿದ್ದರು. ಒಂದು ದಿನ ಪೆಟ್ಟಿಗೆಗಳ ಹಿಂದೆ ಕೂತು ಮಗುವಿಗೆ ಹಾಲು ಕೊಡುತ್ತಿದ್ದಾಗ ಮಂಡಿಯ ಯಜಮಾನ ಬಂದ.

"ಏಯ್, ಏಳೇ. ಗಿರಾಕಿಗಳು ಓಡಾಡೋ ಜಾಗ ಇದು. ಇಲ್ಲೆಲ್ಲ ಗಲೀಜು ಮಾಡ್ತೀಯಾ?"

"ಗಲೀಜು ಎಲ್ಲಿದೆ ಯಜಮಾನ್ರೇ? ಮಗು ಹಾಲು ಕುಡೀತಿದೆ."

"ನಿಮ್ಮ ಮನೇಲಿ ಕುಡಿಸು."

ಅವನು ಬಕೆಟ್ಟಿನ ನೀರನ್ನು ನೆಲಕ್ಕೆ ರಾಚಿದ. ಕೊಳೆತ ಹಣ್ಣು ತೊಳೆದ ನೀರು. ಅತ್ತಿಗೆಯ ಕಾಲು ತೊಯ್ದಿತು. ಮಗುವಿನ ತಲೆ ತೊಯ್ದಿತು. ಅವಳು ಎದ್ದಳು. ಕಸದ ಗಾಡಿಯ ಹಿಂದೆ ನಿಂತು, ಗೋಡೆಗೆ ಮುಖ ಮಾಡಿ, ಕಾಲು ಬದಲಿಸುತ್ತಾ ಉಳಿದ ಹಾಲು ಕೊಟ್ಟಳು.

ಮಗುವಿಗೆ ಜ್ವರ ಬಂತು. ಮೇಸ್ತ್ರಿ ಬಂದು ಹೇಳಿದ, ಒಂದೋ ಮಗು ಬಿಟ್ಟು ಬಾ, ಇಲ್ಲ ಕೆಲಸ ಬಿಡು.

"ಮಗುನ ಎಲ್ಲಿ ಬಿಡ್ಲಿ ಮೇಸ್ತ್ರಿ? ಬಂದ ದಾರೀಲಿ ವಾಪಸ್ ಕಳಿಸ್ಲಾ?" ಎಂದಳು ಅತ್ತಿಗೆ. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಆಫೀಸು ತೆರೆಯುವ ದಿನ ಬಂತು. ಅವತ್ತು ಕೋಣೆಗೆ ಹೊಸ ಬಣ್ಣ ಬಳಿದಾಗಿತ್ತು. ಕಿಟಕಿ ಒಡೆಸಿದ್ದರು. ಫ್ಯಾನು ಬಂದಿತ್ತು, ಗಾಜಿನ ಮೇಜು ಬಂದಿತ್ತು, ಎರಡು ಕೈಯ ದೊಡ್ಡ ಕುರ್ಚಿ ಬಂದಿತ್ತು. ಎದುರಿಗೆ ಬಂದವರು ಕೂರಲು ಸಣ್ಣ ಕುರ್ಚಿಗಳು. ಹೊರಗೆ ಮೂಲೆಯಲ್ಲಿ ಹೊಸ ನಲ್ಲಿ ಕೂಡ ಹಾಕಿದ್ದರು. ಮೆಂಬ್ರಮ್ಮನ ಕೈ ತೊಳೆಯಲು.

ಮೇಸ್ತ್ರಿ ಗುಬ್ಬಿಯನ್ನು ಕರೆದ. "ಅಧ್ಯಕ್ಷರು ಬರ್ತಿದಾರೆ. ಒಳಗೊಂದು ಸಲ ಒರೆಸು, ಹೊರಗೆ ನೀರು ಹೊಡಿ. ನಿನ್ನನ್ನೇ ಕರೆಸು ಅಂದ್ರು ಮೆಂಬ್ರಮ್ಮ. ನಿನ್ನ ಕೈ ಚೊಕ್ಕ ಅಂತೆ."

ಗುಬ್ಬಿ ಬಕೆಟ್ಟು ಹಿಡಿದು ಒಳಗೆ ಹೋದಳು. ಬಟ್ಟೆ ಹಿಂಡಿದಳು. ಮಂಡಿಯೂರಿದಳು. ಹೊರಗೆ ಮಗು ಅಳುತ್ತಿತ್ತು. ಒರೆಸಲು ಚಾಚಿದ ಕೈ ಹಾಗೇ ನಿಂತಿತು. ಮುಂದೆ ಹೋಗಲಿಲ್ಲ. ಅವಳು ತಳ್ಳಿದಳು. ಕೈ ಹೋಗಲಿಲ್ಲ.

ಎದ್ದಳು. ಬಾಗಿಲಿಗೆ ಬಂದು ಕೂಗಿದಳು.

"ಅತ್ತಿಗೆ, ಮಗು ತಗೊಂಡು ಒಳಗೆ ಬಾ."

ಆ ದನಿ ಯಾರದು ಎಂದು ಮೀನಿನ ಸಾಲಿನವರೂ ತಿರುಗಿ ನೋಡಿದರು.

ಅತ್ತಿಗೆ ಬಂದಳು. ಒಂದು ಗಳಿಗೆ ಹೊಸ್ತಿಲಲ್ಲಿ ನಿಂತಳು. ಆಮೇಲೆ ಹೋಗಿ ದೊಡ್ಡ ಕುರ್ಚಿಯಲ್ಲೇ ಕೂತಳು. ಮಗುವನ್ನು ಎದೆಗಿಟ್ಟಳು. "ಅಬ್ಬಾ, ಕುಂಡಿ ಹೂತುಹೋಗುತ್ತಲ್ಲೇ ಗುಬ್ಬಿ. ಇದರಲ್ಲಿ ಕೂತೋರಿಗೆ ಏಳೋಕೆ ಮನಸ್ಸು ಬರುತ್ತಾ?" ಎಂದಳು. ಗುಬ್ಬಿ ಎದುರಿನ ಕುರ್ಚಿಯಲ್ಲಿ ಕೂತಳು. ಕೆಮ್ಮಜ್ಜಿ ಮತ್ತೊಂದರಲ್ಲಿ ಕೂತಳು. ಉಳಿದವರು ನೆಲದ ಮೇಲೆ ಕಾಲು ಚಾಚಿದರು. ಫ್ಯಾನು ತಿರುಗುತ್ತಿತ್ತು. ಬೆವರು ಆರುವುದು ಹೇಗಿರುತ್ತದೆ ಎಂದು ಅವರಿಗೆ ಮರೆತೇ ಹೋಗಿತ್ತು.

ಅಧ್ಯಕ್ಷರ ಜೊತೆ ಅತ್ತೆ ಬಂದಳು. ಹಿಂದೆ ನಾಲ್ಕಾರು ಮೆಂಬರುಗಳು, ಒಬ್ಬ ಫೋಟೋದವನು.

"ಏನು ಮೆಂಬರೇ, ಕ್ಲೀನಿಂಗ್ ಇನ್ನೂ ಮುಗಿದಿಲ್ವಾ?" ಎಂದರು ಅಧ್ಯಕ್ಷರು.

"ಆಯ್ತು ಸಾರ್, ಒರೆಸಿ ಹೊರಟ್ರು" ಎಂದಳು ಅತ್ತೆ.

"ಒರೆಸೋಕೆ ಬಂದಿಲ್ಲ ಅತ್ತೆ" ಎಂದಳು ಗುಬ್ಬಿ. "ಕೂರೋಕೆ ಬಂದಿದೀವಿ."

ಅಧ್ಯಕ್ಷರು ಒಮ್ಮೆ ಗುಬ್ಬಿಯನ್ನು, ಒಮ್ಮೆ ಅತ್ತೆಯನ್ನು ನೋಡಿದರು. ಅತ್ತೆಯ ಮುಖ ಕಪ್ಪಿಟ್ಟಿತು. ಅವಳು ಬಗ್ಗಿ, ಗುಬ್ಬಿಗೆ ಮಾತ್ರ ಕೇಳುವಂತೆ ಹೇಳಿದಳು.

"ಇಲ್ಲಿ ಅತ್ತೆ ಅನ್ನಬೇಡ."

ಗುಬ್ಬಿಗೆ ಆ ಕ್ಷಣ ಏನೋ ಕಡಿದುಹೋದದ್ದು ಮೈಯಲ್ಲೇ ಗೊತ್ತಾಯಿತು.

"ಸರಿ" ಎಂದಳು. "ಮೆಂಬ್ರಮ್ಮ, ಈ ಕೋಣೆ ಯಾರೂ ಬಳಸಲ್ಲ ಅಂತ ಮೀಟಿಂಗಲ್ಲಿ ಹೇಳಿದ್ರಂತೆ. ನಾವು ಯಾರೂ ಅಲ್ವಾ?"

"ಈಗ ಎದ್ದು ಹೋದ್ರೆ ನಾನೇನೂ ಅನ್ನಲ್ಲ."

"ಏಳಲ್ಲ."

ಮೇಸ್ತ್ರಿ ನುಗ್ಗಿದ. ಗುಬ್ಬಿಯ ರಟ್ಟೆ ಹಿಡಿದು ಎಳೆದ. ಅವಳು ಮೇಜಿನ ಕಾಲು ತಬ್ಬಿದಳು. ಕೋಟು ಹರಿಯಿತು. ಗಾಜು ಜಾರಿ ಬಿದ್ದು ಚೂರಾಯಿತು. ಅತ್ತಿಗೆಯನ್ನು ಕುರ್ಚಿ ಸಮೇತ ಬಾಗಿಲವರೆಗೆ ಎಳೆದು ಎಬ್ಬಿಸಿದರು. ಮಗು ಮೊಲೆ ಬಿಟ್ಟು ಕಿರುಚಿತು. ಎಲ್ಲರನ್ನೂ ಹೊರಗೆ ದಬ್ಬಿದ ಮೇಲೆ ಅತ್ತೆ ತಾನೇ ಬಗ್ಗಿ ಗಾಜಿನ ಚೂರುಗಳನ್ನು ಆಯ್ದಳು. ಬೇರೆ ಯಾರಿಗೂ ಅದನ್ನು ಮಾಡಲು ತೋಚಲಿಲ್ಲ. ಆಮೇಲೆ ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರು.

ಗುಬ್ಬಿಯದೂ ಅತ್ತಿಗೆಯದೂ ಹೆಸರು ತೆಗೆಯುತ್ತಾರೆ, ಮುಂದಿನ ಮೀಟಿಂಗಿನಲ್ಲಿ ಇಡುತ್ತಾರೆ ಎಂದು ಮೇಸ್ತ್ರಿ ಬಂದು ಹೇಳಿದ. ಹೆದರಿಸಲು ಹೇಳಿದ.

"ಇಡ್ಲಿ" ಎಂದಳು ಗುಬ್ಬಿ. "ಹೋಗಿ ನೋಡೋಣ ಅತ್ತಿಗೆ. ಹೇಗೆ ಇಡ್ತಾರೆ ಅಂತ."

ಮೀಟಿಂಗಿನ ದಿನ ಗುಡಿಸುವ ಹೆಂಗಸರೆಲ್ಲ ಸಭೆಯ ಹಾಲಿಗೆ ಹೋದರು. ಸಾರ್ವಜನಿಕರಿಗೆಂದು ಹಿಂದೆ ಬೆಂಚುಗಳಿದ್ದವು. ಧೂಳು ಕೂತಿತ್ತು. ಯಾರೂ ಯಾವತ್ತೂ ಬಂದು ಕೂತಂತಿರಲಿಲ್ಲ. ಜವಾನ ಕೈ ಅಡ್ಡ ಹಿಡಿದ.

"ಇದು ಸಾರ್ವಜನಿಕರಿಗೆ."

"ಓಟು ಹಾಕೋವಾಗ ಸಾರ್ವಜನಿಕರಾಗಿದ್ವಲ್ಲಪ್ಪ, ಈಗ ಏನಾದ್ವಿ?" ಎಂದಳು ಅತ್ತಿಗೆ. ಅವನ ಕೈ ಕೆಳಗಿನಿಂದ ತೂರಿ ಹೋಗಿ ಕೂತಳು.

ಗುಮಾಸ್ತ ಒಂದೇ ಉಸಿರಿಗೆ ಓದುತ್ತಿದ್ದ. ದೀಪದ ಕಂಬ. ಒಡೆದ ಚರಂಡಿಯ ಚಪ್ಪಡಿ. ಬೀದಿ ನಾಯಿ. ಒಂದೊಂದು ಓದಿ ಮುಗಿದಾಗಲೂ ಅಧ್ಯಕ್ಷರು ತಲೆಯೆತ್ತದೆ "ಎಲ್ಲರೂ?" ಎನ್ನುತ್ತಿದ್ದರು. ಕೈಗಳು ಏಳುತ್ತಿದ್ದವು. ಒಬ್ಬ ಮೆಂಬರು ಬಿಸ್ಕತ್ತು ತಿನ್ನುತ್ತಾ ಎಡಗೈ ಎತ್ತುತ್ತಿದ್ದ. ಇನ್ನೊಬ್ಬ ಫೋನಿನಲ್ಲಿ ಮಾತಾಡುತ್ತಲೇ ಎತ್ತುತ್ತಿದ್ದ. ಏನಕ್ಕೆ ಎತ್ತಿದೆ ಎಂದು ಕೇಳಿದರೆ ಅವನು ಹೇಳುತ್ತಿರಲಿಲ್ಲ.

ಗುಬ್ಬಿಗೆ ಆಗ ತಿಳಿಯಿತು. ತಮ್ಮ ಕೋಣೆಯೂ ಹೀಗೇ ಹೋಗಿರಬೇಕು. ಒಂದು ಕಂಬಕ್ಕೂ ಒಂದು ನಾಯಿಗೂ ನಡುವೆ. ಯಾರಿಗೂ ಸಿಟ್ಟಿರಲಿಲ್ಲ. ಯಾರೂ ಹಗೆ ಸಾಧಿಸಿರಲಿಲ್ಲ. ಅಷ್ಟು ಕೂಡ ಇವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಸಭೆಯಲ್ಲಿ ಆ ಕೋಣೆ ಏನೆಂದು ಗೊತ್ತಿದ್ದವಳು ಅತ್ತೆ ಒಬ್ಬಳೇ.

"ಮಾರುಕಟ್ಟೆ ವಿಭಾಗದ ಇಬ್ಬರು ದಿನಗೂಲಿ ಹೆಣ್ಣಾಳುಗಳು, ಅಶಿಸ್ತು, ಕೆಲಸದಿಂದ ಕೈಬಿಡುವುದು" ಎಂದು ಗುಮಾಸ್ತ ಓದಿದ.

"ಎಲ್ಲರೂ?"

ಕೈಗಳು ಎದ್ದವು. ಅತ್ತೆಯ ಪಕ್ಕದ ಕುರ್ಚಿ ಖಾಲಿ ಇತ್ತು. ಅವಳು ಹಿಂದೆ ತಿರುಗಿದಳು. ಗುಬ್ಬಿ ಕಣ್ಣು ಕೀಳಲಿಲ್ಲ. ಬೇಡ ಎಂದು ಬೇಡಿಕೊಳ್ಳುವ ನೋಟವಲ್ಲ, ಸುಮ್ಮನೆ ನೋಡುವ ನೋಟ. ಅತ್ತೆಯ ತುಟಿ ಅಲುಗಿತು. ಅಧ್ಯಕ್ಷರು ಕೆಮ್ಮಿದರು. ಅತ್ತೆ ಮುಂದಕ್ಕೆ ತಿರುಗಿದಳು.

ಕೈ ಎತ್ತಿದಳು.

ಪೊರಕೆ ಹಿಡಿದು ಹಿಡಿದು ಗೆಣ್ಣು ದಪ್ಪಗಾದ ಕೈ. ಹೆಗಲವರೆಗೆ ಮಾತ್ರ ಎದ್ದಿತು. ಗುಮಾಸ್ತನಿಗೆ ಅಷ್ಟು ಸಾಕಾಯಿತು. ಸರ್ವಾನುಮತ ಎಂದು ಬರೆದುಕೊಂಡ.

ಅತ್ತಿಗೆಯ ಮಡಿಲಲ್ಲಿ ಮಗು ಎಚ್ಚರವಾಗಿ ಅಳತೊಡಗಿತು. ಅವಳು ಬೆಂಚಿನ ಮೇಲೆ ಕಾಲು ಮಡಿಸಿ ಕೂತು, ಬಟ್ಟೆ ಸರಿಸಿ, ಮಗುವಿನ ಬಾಯಿಗೆ ಮೊಲೆಯಿಟ್ಟಳು. ಬಿಸ್ಕತ್ತು ತಿನ್ನುತ್ತಿದ್ದವನ ಬಾಯಿ ನಿಂತಿತು.

"ಏನಮ್ಮ ಇದು!" ಎಂದರು ಅಧ್ಯಕ್ಷರು. "ಮೀಟಿಂಗ್ ನಡೀತಿದೆ. ಇದನ್ನೆಲ್ಲ ಇಲ್ಲಿ ಮಾಡ್ತಾರಾ? ಹೊರಗೆ ಹೋಗಿ."

"ಹೊರಗೆ ಎಲ್ಲಿ ಸ್ವಾಮಿ?"

"ಎಲ್ಲಾದ್ರೂ."

ಗುಬ್ಬಿ ಎದ್ದು ನಿಂತಳು. ಮುಂದಿನ ಬೆಂಚು ಹಿಡಿದುಕೊಂಡಳು.

"ಎಲ್ಲಾದ್ರೂ ಅಂದ್ರೆ ಆಗಲ್ಲ. ಮಂಡೀಲಿ ಕೂತ್ರೆ ನೀರು ಹಾಕ್ತಾರೆ. ಕೋಣೇಲಿ ಕೂತ್ರೆ ರಟ್ಟೆ ಹಿಡಿದು ಎಳೀತಾರೆ. ಎಲ್ಲಿ ಅಂತ ನೀವೇ ತೀರ್ಮಾನ ಮಾಡಿ. ದೀಪದ ಕಂಬಕ್ಕೆ ಮಾಡಿದ ಹಾಗೇ ಮಾಡಿ. ಈ ಮಗು ಎಲ್ಲಿ ಹಾಲು ಕುಡೀಬೇಕು? 'ಎಲ್ಲರೂ?' ಅಂತ ಕೇಳಿ. ಕೈ ಎತ್ತೋರು ಎತ್ಲಿ. ನಾವು ನೋಡ್ತೀವಿ."

ಮಗು ಹಾಲು ಕುಡಿಯುವ ಸದ್ದು ಕೇಳಿಸುತ್ತಿತ್ತು. ಫೋನಿನವನು ಆಮೇಲೆ ಮಾಡುತ್ತೇನೆ ಎಂದು ಫೋನು ಇಟ್ಟ.

"ಮುಂದಿನ ವಿಷಯ ಓದ್ರೀ" ಎಂದರು ಅಧ್ಯಕ್ಷರು, ಗುಮಾಸ್ತನಿಗೆ.

ಗುಮಾಸ್ತ ಓದಿದ. ಬಸ್ ನಿಲ್ದಾಣದ ಪಕ್ಕದ ಖಾಲಿ ಜಾಗ, ಯಾರಿಗೋ ಅಂಗಡಿ ಇಡಲು. ಈ ಸಲ ಅವನ ಉಸಿರು ನಡುವೆ ಎರಡು ಕಡೆ ಕಡಿಯಿತು.

"ಎಲ್ಲರೂ?"

ಅಧ್ಯಕ್ಷರು ತಲೆಯೆತ್ತಿದ್ದರು. ಒಂದು ಕೈ ಅರ್ಧ ಎದ್ದು, ಹಿಂದಿನ ಬೆಂಚುಗಳ ಕಡೆ ನೋಡಿ, ತಲೆ ಕೆರೆದುಕೊಂಡು ಇಳಿಯಿತು.

"ಅಲ್ಲಿ ಈಗ ಯಾರಾದ್ರೂ ಇದಾರಾ?" ಎಂದು ಬಿಸ್ಕತ್ತಿನವನು ಮೆಲ್ಲಗೆ ಪಕ್ಕದವನನ್ನು ಕೇಳಿದ. ಪಕ್ಕದವನಿಗೆ ಗೊತ್ತಿರಲಿಲ್ಲ.

ಅತ್ತೆ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ತಲೆ ತಗ್ಗಿಸಿದ್ದಳು. ಗುಬ್ಬಿ ಅವಳನ್ನು ಮತ್ತೆ ನೋಡಲಿಲ್ಲ. ಬೆಂಚಿನ ಮೇಲೆ ಕೂತಳು. ಅತ್ತಿಗೆ ಮಗುವನ್ನು ಇನ್ನೊಂದು ಮೊಲೆಗೆ ತಿರುಗಿಸಿದಳು. ಹೆಂಗಸರಲ್ಲಿ ಒಬ್ಬರೂ ಏಳಲಿಲ್ಲ. ಗುಮಾಸ್ತನ ಕೈಯಲ್ಲಿ ಓದುವುದು ಇನ್ನೂ ಬಹಳ ಇತ್ತು.